ಪರದೆಯ ಮೇಲಿನ ಮೆದುಳು

ಆರು ವರ್ಷ ತುಂಬುವಷ್ಟರಲ್ಲಿ ಮೆದುಳಿನ ಬೆಳವಣಿಗೆ ಶೇ. 85ಕ್ಕೂ ಹೆಚ್ಚು ಆಗಿಹೋಗಿರುತ್ತದೆ ಎಂಬ ಸಾಲನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಎತ್ತಿ ಹೇಳದ ತರಬೇತುದಾರರು ಸಿಗುವುದು ಅಪರೂಪ. ಪರದೆಯ ಮೇಲೆ ಬಣ್ಣಬಣ್ಣದ ಮೆದುಳು ಮೂಡುತ್ತದೆ, ಹಾಜರಿಗೆ ಸಹಿ ಬೀಳುತ್ತದೆ, ಗ್ರೂಪ್ ಫೋಟೊ ಆಗುತ್ತದೆ. ಮರುದಿನ ಅಂಗನವಾಡಿಯಲ್ಲಿ ಕುಕ್ಕರ್ ಕೂಗಿದ ಕೂಡಲೇ ಕಿವಿ ಮುಚ್ಚಿಕೊಂಡು ಮೂಲೆಗೆ ಓಡುವ ಮಗುವಿಗೆ ಸಿಗುವುದು ಅದೇ ಗದರಿಕೆ: "ನಾಟಕ ಸಾಕು, ಬಾ ಇಲ್ಲಿ." ಇದನ್ನು ತರಬೇತಿ ಎಂದು ಕರೆಯಲು ನಾಚಿಕೆಯಾಗಬೇಕು.

ನಾಚಬೇಕಾದವರು ಕಾರ್ಯಕರ್ತೆಯರಲ್ಲ. ಅಡುಗೆ, ತೂಕ, ಸಮೀಕ್ಷೆ, ಮೊಬೈಲಿನಲ್ಲಿ ಲೆಕ್ಕ ತುಂಬುವುದು, ಎಲ್ಲವನ್ನೂ ಅವರ ತಲೆಗೇ ಕಟ್ಟಿದ್ದೇವೆ. ಎರಡು ಸಲ ಕೇಳಿದ ಮೇಲೆ ನಮ್ಮ ಮೆದುಳು ಪಕ್ಕಕ್ಕೆ ಸರಿಸಿಬಿಡುವ ಸದ್ದು ಆಟಿಸಂ ಇರುವ ಹಲವು ಮಕ್ಕಳಿಗೆ ಹತ್ತನೇ ಸಲವೂ ಮೊದಲಿನಷ್ಟೇ ಚುಚ್ಚುತ್ತದೆ. ಇಷ್ಟನ್ನು ಹೇಳಿಕೊಟ್ಟಿದ್ದರೆ ಕುಕ್ಕರ್ ಹಿಂದಿನ ಕೋಣೆಗೆ ಹೋಗುತ್ತಿತ್ತು. "ಚೀಲ ಇಡು, ಕೈ ತೊಳ್ಕೊ, ತಟ್ಟೆ ತಗೊಂಡು ಸಾಲಲ್ಲಿ ಕೂತ್ಕೊ" ಎಂದು ಒಂದೇ ಉಸಿರಿಗೆ ಹೇಳಿದರೆ ಮೂರು ವರ್ಷದ ಮಗು ಚೀಲ ಇಟ್ಟು ನಿಂತುಬಿಡುತ್ತದೆ. ಅಷ್ಟನ್ನೂ ಒಟ್ಟಿಗೆ ಹಿಡಿದಿಡುವ ಶಕ್ತಿ ಆ ಮೆದುಳಿಗೆ ಇನ್ನೂ ಬಂದಿಲ್ಲ. ನಾವು ಅದಕ್ಕೆ ಇಟ್ಟ ಹೆಸರು ಹಟ.

ಬದಲಿಗೆ ಕಲಿಸುವುದೇನು? ಎಡ ಮೆದುಳಿನವರು, ಬಲ ಮೆದುಳಿನವರು. ನೋಡಿ ಕಲಿಯುವವರು, ಕೇಳಿ ಕಲಿಯುವವರು. ಯಾವುದಕ್ಕೂ ಗಟ್ಟಿ ಆಧಾರವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೈನ್' ದಂಧೆಗೆ ಫೀಸು ಕಟ್ಟಿದ ವಿದ್ಯಾವಂತರೂ ನಮ್ಮಲ್ಲೇನು ಕಡಿಮೆಯಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಶಿಕ್ಷಕರು ಇಂಥ ಮಿಥ್ಯೆಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ನಂಬಿದ್ದರು. ಮೆದುಳಿನ ಬಗ್ಗೆ ಹೆಚ್ಚು ತಿಳಿದವರೇ ಹೆಚ್ಚು ನಂಬಿದ್ದರು ಎಂಬುದು ಅದರಲ್ಲಿ ಬಯಲಾದ ಇನ್ನೊಂದು ಸಂಗತಿ. ಚಿತ್ರ ತೋರಿಸಿ ಕೈತೊಳೆದುಕೊಳ್ಳುವವರು ಇದನ್ನು ಒಮ್ಮೆ ಓದಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತೇವೆ. ಮಾತು ಬಾರದ ಮಗು ಎದುರಿಗೆ ಬಂದರೆ ಮಾತ್ರ, "ಅವರಪ್ಪನೂ ತಡವಾಗೇ ಮಾತಾಡಿದ್ದು ಬಿಡಿ." ಕಿವಿ ಕೇಳದೆ ಮಾತು ನಿಂತಿದ್ದರೆ? ಮೆದುಳಿನ ಶ್ರವಣ ಭಾಗ ಸದ್ದಿಗೆ ಹದವಾಗಿ ತೆರೆದುಕೊಳ್ಳುವುದು ಮೊದಲ ಕೆಲವೇ ವರ್ಷ. ಹಾಗೆ ಕಳೆದ ಒಂದು ವರ್ಷವನ್ನು ಯಾವ ಯಂತ್ರವೂ ಪೂರ್ತಿ ಹಿಂದಕ್ಕೆ ಕೊಡಲಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮಲ್ಲೇ ಇದೆ. ಅಲ್ಲಿಗೆ ಮಗುವನ್ನು ಯಾವಾಗ, ಹೇಗೆ ಕಳಿಸಬೇಕೆಂದು ಹೇಳದ ತರಬೇತಿಯಿಂದ ಏನು ಬಂತು?

ಸ್ಲೈಡುಗಳನ್ನು ಅರ್ಧಕ್ಕೆ ಇಳಿಸಿ. ಆಡುವ ಮಗುವಿನ ಹತ್ತು ನಿಮಿಷದ ವಿಡಿಯೊ ಹಾಕಿ, ಕಂಡದ್ದೇನೆಂದು ಕಾರ್ಯಕರ್ತೆಯರನ್ನು ಕೇಳಿ. ತಿಂಗಳೊಳಗೆ ಅವರ ಕೇಂದ್ರಕ್ಕೆ ಹೋಗಿ, ಚಾಪೆಯ ಮೇಲೆ ಅವರ ಪಕ್ಕ ಕೂರಿ. ಜೀಪು ಇಲ್ಲ ಎನ್ನಬೇಡಿ. ಫೋಟೊಗೆ ಬರುವಾಗ ಇತ್ತು.