ಪದಪುರಾಣ: ಬುಧವಾರದ ‘ಡಿ’

ಕಳೆದ ತಿಂಗಳು ಸದಸ್ಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಮನೆಯಾಕೆ ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ‘ವೆಡ್ನೆಸ್‌ಡೇ’ ಬರಬಹುದೇ ಎಂದು ಕೇಳುತ್ತಿದ್ದರು. ಹತ್ತು ವರ್ಷದ ಮಗ ಕಿಸಕ್ಕನೆ ನಕ್ಕ. “ಅಮ್ಮಾ, ಅದು ವೆನ್ಜ್‌ಡೇ!” ಆಕೆ ಫೋನನ್ನು ಯಜಮಾನರ ಕೈಗಿತ್ತು, “ಇನ್ನು ಮೇಲೆ ಇಂಥವನ್ನೆಲ್ಲ ನೀವೇ ನೋಡಿಕೊಳ್ಳಿ” ಎಂದು ಒಳಗೆ ಹೋದರು.

ಹುಡುಗ ಹೇಳಿದ್ದೇನೋ ಸರಿಯೇ. ಇಂದಿನ ರೂಢಿಯಲ್ಲಿ ಈ ಪದಕ್ಕೆ ಎರಡೇ ತುಂಡು: ವೆನ್ಜ್-ಡೇ, ಒತ್ತು ಮೊದಲನೆಯದರ ಮೇಲೆ. ಸಾಲಿನ ಕೊನೆಯಲ್ಲಿ ಪದ ಒಡೆಯಬೇಕಾದರೂ ‘ಎಸ್’ ಆದ ಮೇಲೆಯೇ. ಮೊದಲ ‘ಡಿ’ ಕಣ್ಣಿಗುಂಟು, ನಾಲಿಗೆಗಿಲ್ಲ. ನಾವಾದರೋ ಬರೆದದ್ದನ್ನೆಲ್ಲ ನುಡಿಯುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದವರು. ಎದುರಿಗೆ ಕೂತ ‘ಡಿ’ಯನ್ನು ಮಾತಾಡಿಸದೆ ಹೋಗುವುದು ನಮಗೆ ಕಷ್ಟ.

ಆದರೆ ಆ ತಾಯಿಯ ಪರವಾಗಿಯೂ ಸಾಕ್ಷಿಯಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದು ಹೆಚ್ಚುಕಡಿಮೆ ‘ವೋಡ್ನೆಸ್‌ಡ್ಯಾಯ್’, ಎಂದರೆ ವೋಡನ್ ದೇವರ ದಿನ. ಆಕೆ ನುಡಿದಂತೆಯೇ ಮೂರು ತುಂಡು, ‘ಡಿ’ಯೂ ಸ್ಪಷ್ಟ. ಬಾಯಲ್ಲಿ ಸವೆದ ‘ಡಿ’ ಬರಹದಲ್ಲಿ ಉಳಿಯಿತು. ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ ಈಗಲೂ ಕೆಲವರು ಅದನ್ನು ನುಡಿಯುವುದುಂಟು. ಅವರ ಮಕ್ಕಳು ನಗುತ್ತಾರೋ ಏನೋ!

ರೋಮನರು ಈ ದಿನವನ್ನು ಮರ್ಕ್ಯುರಿಯ ಹೆಸರಿನಿಂದ ಕರೆದರು. ಫ್ರೆಂಚರ ‘ಮೆರ್ಕ್ರೆದಿ’ ಅದೇ. ಜರ್ಮನ್ ಮೂಲದ ಬುಡಕಟ್ಟುಗಳು ಮರ್ಕ್ಯುರಿಯ ಜಾಗದಲ್ಲಿ ತಮ್ಮ ವೋಡನನನ್ನು ಕೂರಿಸಿದುವು. ಆ ಮರ್ಕ್ಯುರಿ ಗ್ರಹವೇ ನಮ್ಮ ಬುಧ. ಗ್ರಹಗಳ ಹೆಸರು ಹೊತ್ತ ಏಳು ದಿನದ ವಾರ ಪಶ್ಚಿಮದಿಂದಲೇ ಭಾರತಕ್ಕೆ ಬಂದದ್ದು. ಮಧ್ಯಪ್ರದೇಶದ ಏರಣ್‌ನಲ್ಲಿರುವ ಕ್ರಿ.ಶ. 484ರ ಸ್ತಂಭಶಾಸನದಲ್ಲಿ ಗುರುವಾರದ ಉಲ್ಲೇಖ ಆಗಲೇ ಇದೆ. ಅಲ್ಲಿಗೆ ಬುಧವಾರವೂ ವೆನ್ಜ್‌ಡೇಯೂ ದೂರದ ದಾಯಾದಿಗಳು!

ಊಟವಾದ ಮೇಲೆ ಹುಡುಗನಿಗೆ ಇಷ್ಟನ್ನೂ ಹೇಳಿ, “ಎಲ್ಲಿ, ಬುಧವಾರ ಅನ್ನು ನೋಡೋಣ” ಎಂದೆವು. “ಬುದವಾರ” ಎಂದ. (ಊರಿನಲ್ಲೂ ಎಷ್ಟೋ ಜನ ಹಾಗೇ ಅನ್ನುತ್ತಾರೆ, ಅದು ಬೇರೆ ಮಾತು.) “ದ ಅಲ್ಲವೋ, ಧ!” ಎಂದು ಅಡಿಗೆಮನೆಯಿಂದ ಕೂಗು ಬಂತು. ಮೂರು ಸಲ ಹೇಳಿಸಿದರು. ನಾಲ್ಕನೆಯ ಸಲ ಬಂತು. ಆಮೇಲೆ ಮಗನಿಂದ ‘ವೆನ್ಜ್‌ಡೇ’ ಎರಡು ಸಲ ಹೇಳಿಸಿಕೊಂಡು, ಡಾಕ್ಟರಿಗೆ ತಾವೇ ಮತ್ತೆ ಫೋನು ಮಾಡಿದರು.

ಮುಂದಿನ ಸಂಚಿಕೆಯಲ್ಲಿ ‘ಫೆಬ್ರವರಿ’ಯ ಮೊದಲ ‘ಆರ್’ ವಿಚಾರಣೆ. ಮನೆಮನೆಯ ಜಗಳಗಳನ್ನು ಬರೆದು ಕಳಿಸಿ.