ನಾವಿಲ್ಲದ ಮೇಲೆ ಇವನ ಗತಿಯೇನು?

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಮದುವೆಗೋ ಜಾತ್ರೆಗೋ ಮನೆಮಂದಿಯೆಲ್ಲ ಹೊರಟಾಗ ಒಬ್ಬರನ್ನು ಮಾತ್ರ ಬಿಟ್ಟುಹೋಗುವ ಮನೆಗಳುಂಟು. ಪ್ರಾಯಕ್ಕೆ ಬಂದಿದ್ದರೂ ಮಾತು ತೊದಲು, ಲೆಕ್ಕ ಹತ್ತುವುದಿಲ್ಲ, ಅಂಗಿಯ ಗುಂಡಿ ಹಾಕಲು ಇನ್ನೊಬ್ಬರ ನೆರವು ಬೇಕು. ಬೀದಿಯ ಹುಡುಗರು ಇಟ್ಟ ಹೆಸರು 'ಪೆದ್ದ'. ಅಂಥ ಮಗನನ್ನೋ ಮಗಳನ್ನೋ ಸಾಕುತ್ತಿರುವ ತಂದೆ-ತಾಯಿಯರನ್ನು ಹಗಲಿರುಳು ಕಾಡುವ ಪ್ರಶ್ನೆ ಒಂದೇ: 'ನಾವಿಲ್ಲದ ಮೇಲೆ ಇವನ ಗತಿಯೇನು?'

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಒಂದು ಅಂತರರಾಷ್ಟ್ರೀಯ ಸಮುದಾಯವಿದೆ. ಅದರ ಹೆಸರು 'ಲಾರ್ಷ್'. ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ. ಭಾರತದಲ್ಲಿ ಅದರ ಮೊದಲ ಮನೆ ತೆರೆದದ್ದು ಬೆಂಗಳೂರಿನಲ್ಲಿ.

ಮೊದಲು ಸ್ವಲ್ಪ ವಿಜ್ಞಾನ. ಮಿದುಳಿನ ಬೆಳವಣಿಗೆ ಕುಂಠಿತವಾಗಲು ಕಾರಣಗಳು ಹಲವು. ಗರ್ಭಿಣಿಗೆ ಅಯೋಡಿನ್ ಕೊರತೆ, ಹೆರಿಗೆಯ ವೇಳೆ ಮಗುವಿಗೆ ಆಮ್ಲಜನಕ ಸಾಲದಿರುವುದು, ಎಳವೆಯಲ್ಲಿ ಬರುವ ಮಿದುಳು ಜ್ವರ, ವರ್ಣತಂತುಗಳ ಏರುಪೇರು ಇವುಗಳಲ್ಲಿ ಕೆಲವು. ಪೂರ್ವಜನ್ಮದ ಪಾಪ ಈ ಪಟ್ಟಿಯಲ್ಲಿಲ್ಲ! ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 47 ಇರುತ್ತವೆ ಎಂಬುದನ್ನು 1959ರಲ್ಲಿ ಪ್ಯಾರಿಸ್ಸಿನ ಮಾರ್ತ್ ಗೋತಿಯೆ, ಜೆರೋಮ್ ಲೆಜೂನ್ ಮತ್ತು ರೇಮಂಡ್ ತುರ್ಪಾಂ ಪ್ರಕಟಿಸಿದರು.

ಕಾರಣವೇನೋ ತಿಳಿಯಿತು. ಆದರೆ ಆ ಮಕ್ಕಳು ದೊಡ್ಡವರಾಗಿ ಬಾಳುವುದೆಲ್ಲಿ? ಆಗಿನ ಫ್ರಾನ್ಸಿನಲ್ಲಿ ಅನೇಕರು ದೊಡ್ಡ ದೊಡ್ಡ ಆಶ್ರಯಧಾಮಗಳಲ್ಲಿ ಸಾಲು ಮಂಚಗಳ ನಡುವೆ ಕಾಲ ಕಳೆಯುತ್ತಿದ್ದರು. ಊಟವಿತ್ತು, ಕಾವಲಿತ್ತು. ತನ್ನವರೆಂಬವರು ಇರಲಿಲ್ಲ.

ಇದನ್ನು ಕಂಡವರಲ್ಲಿ ಜಾನ್ ವಾನಿಯೆ ಒಬ್ಬರು. 1928ರಲ್ಲಿ ಹುಟ್ಟಿದ ಅವರ ತಂದೆ ಮುಂದೆ ಕೆನಡಾದ ಗವರ್ನರ್ ಜನರಲ್ ಆದವರು. ಮಗ ಹದಿಮೂರರ ವಯಸ್ಸಿಗೇ ಬ್ರಿಟಿಷ್ ನೌಕಾಪಡೆಯ ಶಾಲೆ ಸೇರಿ, 1950ರಲ್ಲಿ ನೌಕಾಪಡೆ ಬಿಟ್ಟು ತತ್ತ್ವಶಾಸ್ತ್ರ ಓದಿ ಡಾಕ್ಟರೇಟ್ ಪಡೆದರು. 1964ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಉತ್ತರಕ್ಕಿರುವ ಟ್ರೋಸ್ಲಿ-ಬ್ರೈ ಎಂಬ ಹಳ್ಳಿಯಲ್ಲಿ ಒಂದು ಪುಟ್ಟ ಮನೆ ಹಿಡಿದು, ಆಶ್ರಯಧಾಮದಲ್ಲಿದ್ದ ಇಬ್ಬರು ಗಂಡಸರನ್ನು ಕರೆತಂದರು. ಮೂವರೂ ಒಟ್ಟಿಗೆ ಅಡುಗೆ ಮಾಡಿ, ಒಟ್ಟಿಗೆ ಉಂಡು, ಒಂದೇ ಸೂರಿನಡಿ ಬಾಳತೊಡಗಿದರು.

'ಲಾರ್ಷ್' ಎಂದರೆ ಫ್ರೆಂಚ್ ಭಾಷೆಯಲ್ಲಿ ನಾವೆ. ಬೈಬಲ್ಲಿನ ಮಹಾಪ್ರಳಯದಲ್ಲಿ ನೋಹನನ್ನೂ ಪ್ರಾಣಿಗಳನ್ನೂ ಉಳಿಸಿದ ನಾವೆ. ಮತ್ಸ್ಯಾವತಾರದಲ್ಲಿ ಮನು ಏರಿದ ದೋಣಿಯನ್ನು ನೆನೆದರೆ ಈ ಹೆಸರಿನ ಅರ್ಥ ಸುಲಭವಾಗಿ ಆದೀತು. ವಾನಿಯೆ ಕಥೋಲಿಕರು, ಆದರೆ ಪಾದ್ರಿಯಲ್ಲ. ಚರ್ಚಿನ ಮಾತಿನಲ್ಲಿ ಇಂಥವರನ್ನು 'ಶ್ರೀಸಾಮಾನ್ಯರು' ಎನ್ನುತ್ತಾರೆ. ಮನೆಗಳಲ್ಲಿ ಜೊತೆಗಾರರಾಗಿ ಬಂದ ಯುವಕ ಯುವತಿಯರಲ್ಲಿಯೂ ಹೆಚ್ಚಿನವರು ಇಂಥವರೇ.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯಿಂದ ರೈಲು ಹತ್ತಿದರೆ ಬೆಂಗಳೂರು. ಅಲ್ಲಿ 1970ರಲ್ಲಿ 'ಆಶಾನಿಕೇತನ' ಎಂಬ ಹೆಸರಿನಿಂದ ಈ ಸಮುದಾಯದ ಮನೆ ಆರಂಭವಾಯಿತು. ಮುಂದೆ ಕೊಲ್ಕತ್ತ, ಚೆನ್ನೈ, ಕೇರಳದ ಕೋಯಿಕ್ಕೋಡಿನ ಬಳಿಯೂ ಮನೆಗಳಾದವು. ಇಲ್ಲಿ ಮತ್ತೊಂದು ಬದಲಾವಣೆಯೂ ಆಯಿತು. ಫ್ರಾನ್ಸಿನ ಮನೆಯಲ್ಲಿದ್ದವರು ಕಥೋಲಿಕರು. ಭಾರತದ ಮನೆಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಒಂದೇ ಪಂಕ್ತಿಯಲ್ಲಿ ಕೂರುವವರಾದರು. ಇಂದು 35ಕ್ಕೂ ಹೆಚ್ಚು ದೇಶಗಳಲ್ಲಿ ಲಾರ್ಷ್‌ನ 150ಕ್ಕೂ ಹೆಚ್ಚು ಸಮುದಾಯಗಳಿವೆ.

ಈ ಮನೆಗಳ ರೀತಿ ಸರಳ. ತರಕಾರಿ ಹೆಚ್ಚಬಲ್ಲವನು ಹೆಚ್ಚುತ್ತಾನೆ. ತಟ್ಟೆ ಜೋಡಿಸಬಲ್ಲವಳು ಜೋಡಿಸುತ್ತಾಳೆ. ನೋಡಿಕೊಳ್ಳುವವರು ಕೆಲಸ ಮುಗಿಸಿ ತಮ್ಮ ಮನೆಗೆ ಹೋಗುವುದಿಲ್ಲ. ಅಲ್ಲಿಯೇ ಜೊತೆಗೆ ವಾಸ. ಅವರಿಗಾಗಿ ದುಡಿಯುವುದು ಬೇರೆ, ಅವರೊಡನೆ ಬಾಳುವುದು ಬೇರೆ. ಲಾರ್ಷ್ ಹಿಡಿದದ್ದು ಎರಡನೆಯ ದಾರಿ.

ಆದರೆ ಕಥೆಯ ಕಹಿ ಭಾಗವನ್ನು ಮುಚ್ಚಿಡಬಾರದು. ವಾನಿಯೆಗೆ 2015ರಲ್ಲಿ ಟೆಂಪಲ್‌ಟನ್ ಪ್ರಶಸ್ತಿ ಬಂದಿತು. ಹಲವರು ಅವರನ್ನು ಬದುಕಿದ್ದಾಗಲೇ ಸಂತರೆಂದರು. 2019ರಲ್ಲಿ ಅವರು ತೀರಿಕೊಂಡರು. ಮರುವರ್ಷ, 2020ರಲ್ಲಿ, ಲಾರ್ಷ್ ಸಂಸ್ಥೆಯೇ ನಡೆಸಿದ ತನಿಖೆಯ ವರದಿ ಹೊರಬಿತ್ತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ವಾನಿಯೆ ಆರು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರು. 2023ರ ವಿಸ್ತೃತ ವರದಿಯಲ್ಲಿ ಆ ಸಂಖ್ಯೆ ಕನಿಷ್ಠ 25 ಎಂದಾಯಿತು. ಅವರ ಗುರು ಫಾದರ್ ತೋಮಾ ಫಿಲಿಪ್ ಇಂಥದೇ ದೋಷಕ್ಕಾಗಿ 1956ರಲ್ಲಿಯೇ ಚರ್ಚಿನಿಂದ ಶಿಕ್ಷೆಗೊಳಗಾಗಿದ್ದವರು.

ಹಾಗಾದರೆ ಈ ಕೆಲಸವೆಲ್ಲ ಸುಳ್ಳೇ? ಅಲ್ಲ. ಮನೆಗಳನ್ನು ಉಳಿಸಿದ್ದು ಸ್ಥಾಪಕನ ಕೀರ್ತಿಯಲ್ಲ. ದಿನವೂ ಅನ್ನ ಬೇಯಿಸಿದ, ಜ್ವರ ಬಂದಾಗ ರಾತ್ರಿ ಎಚ್ಚರವಿದ್ದ ನೂರಾರು ಹೆಸರಿಲ್ಲದ ಜೊತೆಗಾರರು. ತನ್ನ ಸ್ಥಾಪಕನ ತಪ್ಪನ್ನು ತಾನೇ ತನಿಖೆ ಮಾಡಿಸಿ ಲೋಕಕ್ಕೆ ಹೇಳಿದ್ದು ಆ ಸಂಸ್ಥೆಯ ದಿಟ್ಟತನ. ವಿದ್ಯಾರ್ಥಿಗಳು ಕಲಿಯಬೇಕಾದದ್ದು ಇದನ್ನು: ಯಾರನ್ನೂ ಪರೀಕ್ಷೆಗೆ ಮೀರಿದವರೆಂದು ಪೀಠದ ಮೇಲೆ ಕೂರಿಸಬಾರದು. ಒಬ್ಬರಿಗೆ ಪ್ರಶ್ನೆ ಕೇಳುವವರೇ ಇಲ್ಲವಾದಾಗ ದುರ್ಬಲರಿಗೆ ರಕ್ಷಣೆಯೂ ಇಲ್ಲವಾಗುತ್ತದೆ.

ಇನ್ನು ಹೆತ್ತವರ ಪ್ರಶ್ನೆ. ಎಲ್ಲರಿಗೂ ಬೆಂಗಳೂರಿನ ಮನೆಯಲ್ಲಿ ಜಾಗ ಸಿಗದು, ಸಿಗಬೇಕೆಂದೂ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ, ಹದಿನೆಂಟು ದಾಟಿದ ಇಂಥ ಮಕ್ಕಳಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗಿದೆ. ತಂದೆ-ತಾಯಿ ಗಟ್ಟಿಯಾಗಿರುವಾಗಲೇ ಇದನ್ನು ಮಾಡಿಸಿಕೊಳ್ಳುವುದು ಲೇಸು. ಅದೇ ಕಾಯ್ದೆಯಡಿ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯುಂಟು. ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಗಳಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತಿಳಿಯುತ್ತದೆ.

ಕಾಗದಪತ್ರದ ಪಾಲಕ ಒಬ್ಬನಾದರೆ ಸಾಲದು. ಅಣ್ಣ, ತಂಗಿ, ಚಿಕ್ಕಪ್ಪನ ಮಕ್ಕಳು, ಪಕ್ಕದ ಮನೆಯವರು ಇವರೆಲ್ಲ ಅವನನ್ನು ಈಗಿನಿಂದಲೇ ಬಲ್ಲವರಾಗಿರಬೇಕು. ಮುಂದಿನ ಜಾತ್ರೆಗೆ ಮನೆಮಂದಿ ಹೊರಡುವಾಗ ಅವನಿಗೂ ಒಂದು ಹೊಸ ಅಂಗಿ ತೊಡಿಸಿ ಜೊತೆಯಲ್ಲಿ ಕರೆದೊಯ್ದರೆ ಆ ಕೆಲಸ ಅಲ್ಲಿಂದಲೇ ಆರಂಭವಾದಂತೆ.