ಗಂಡ-ಹೆಂಡತಿ ಬೇರೆಯಾಗುವಾಗ ಮನೆ ಮಾರಿಸೋ ಬ್ರೋಕರ್ ಯಾರ ಕಡೆಯವ?

ಕುಡತಿನಿ: ನಮ್ಮೂರಲ್ಲಿ ಈಗ ಬ್ರೋಕರ್ ಅಲ್ಲದವರನ್ನ ಹುಡುಕೋದೇ ಕಷ್ಟ. ಥರ್ಮಲ್ ಪ್ಲಾಂಟ್ ಬಂತು, ಅದರ ಬೆನ್ನಿಗೇ 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆ ಹೆಸರಲ್ಲಿ ಕೆಐಎಡಿಬಿ ಜಮೀನು ತಗೊಂತು. ಅವತ್ತಿನಿಂದ ಚಹಾ ಅಂಗಡಿ, ಝೆರಾಕ್ಸ್ ಅಂಗಡಿ, ಕಟಿಂಗ್ ಶಾಪ್, ಎಲ್ಲಿ ಕೂತರೂ ಒಂದು ಸೈಟಿನ ಮಾತು ಬಂದೇ ಬರುತ್ತೆ. ಈಚೆಗೆ ಅದರ ಜೊತೆ ಇನ್ನೊಂದು ಮಾತೂ ಕಿವಿಗೆ ಬೀಳ್ತಿದೆ: "ಆ ಮನಿ ಅರ್ಜೆಂಟ್ ಮಾರಾಕ ಬಂದೈತಿ, ಇಬ್ರೂ ಕೋರ್ಟಿಗೆ ಹೋಗ್ಯಾರ."

ನನಗೆ ಗೊತ್ತಿರೋ ಒಂದು ಜೋಡಿ ಇದೆ. ಹೆಸರು, ಓಣಿ ಬರೆಯಲ್ಲ. ಆತ ಕಾಂಟ್ರಾಕ್ಟ್ ಕೆಲಸದಲ್ಲಿದ್ದಾನೆ, ಆಕೆ ಹೊಲಿಗೆ ಹಾಕ್ತಾಳೆ. ಮನೆ ಇಬ್ಬರ ಹೆಸರಲ್ಲೂ ಇದೆ. ಬೇರೆಯಾಗೋದು ಅಂತ ತೀರ್ಮಾನ ಆದ ಮೇಲೆ ಗಂಡನ ಗೆಳೆಯನೇ ಬ್ರೋಕರ್ ಆಗಿ ಬಂದ. "ಅಕ್ಕಾ, ಹನ್ನೆರಡು ಲಕ್ಷಕ್ಕೆ ಕುದುರೈತಿ, ನಿಮಗ ಆರು. ಓಡಾಡೋದು ಬ್ಯಾಡ, ಒಂದು ಜಿಪಿಎ ಕೊಟ್ಬಿಡ್ರಿ" ಅಂದ. ಆಕೆ ಸೈನ್ ಹಾಕೋಕೂ ರೆಡಿ ಇದ್ದಳು. ಅಷ್ಟರಲ್ಲಿ ಬ್ಲೌಸ್ ಹೊಲಿಸೋಕೆ ಬಂದ ಹೆಂಗಸೊಬ್ಬಳು, ಮನೆ ಕೊಳ್ಳೋರ ಸಂಬಂಧಿಕಳು, "ಇಪ್ಪತ್ತೆರಡು ಜಾಸ್ತಿ ಆತು ಬಿಡು" ಅಂದುಬಿಟ್ಟಳು.

ಹನ್ನೆರಡು ಅನ್ನೋದು ಸರ್ಕಾರದ ಮಾರ್ಗಸೂಚಿ ದರದ ಲೆಕ್ಕ. ಇಪ್ಪತ್ತೆರಡು ನಿಜವಾದ ರೇಟು. ಮಧ್ಯದ ಹತ್ತು ಲಕ್ಷ ನಗದು. ಅದರಲ್ಲಿ ಆಕೆಯ ಐದು ಲಕ್ಷ ಯಾರ ಜೇಬಿಗೆ ಹೋಗ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ವೈಟ್-ಬ್ಲಾಕ್ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಸಂಸಾರ ಸರಿಯಿದ್ದಾಗ ಆ ನಗದು ಒಂದೇ ಮನೆಗೆ ಬರುತ್ತೆ, ಯಾರೂ ಕೇಳಲ್ಲ. ಸಂಸಾರ ಒಡೆದಾಗ ಅದೇ ನಗದು ಒಬ್ಬರ ಕೈಗೆ ಹೋಗಿ ಇನ್ನೊಬ್ಬರಿಗೆ ಕಾಣದಂಗೆ ಆಗುತ್ತೆ. ಕೋರ್ಟಿನ ಮುಂದೆ ಬರೋ ಕಾಗದದಲ್ಲಿ ಇರೋದು ಹನ್ನೆರಡೇ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ, ಸೆಸ್, ಸರ್ಚಾರ್ಜ್ ಎಲ್ಲ ಸೇರಿ ಪಟ್ಟಣದಲ್ಲಿ ಸುಮಾರು ಶೇ 7.6 ಆಗುತ್ತೆ. ಹನ್ನೆರಡು ಲಕ್ಷಕ್ಕೆ 91,200 ರೂಪಾಯಿ, ಇಪ್ಪತ್ತೆರಡಕ್ಕೆ 1,67,200. ಕೊಳ್ಳೋನಿಗೆ ಉಳಿಯೋದು 76 ಸಾವಿರ. ಆತನ 76 ಸಾವಿರ ಉಳಿಸೋಕೆ ಆಕೆ ಐದು ಲಕ್ಷ ಬಿಡಬೇಕು. ಅದಕ್ಕೇ ಬ್ರೋಕರ್‌ನ ಆರಿಸುವಾಗ ಮೊದಲು ಕೇಳಬೇಕಾದ್ದು ಕಮಿಷನ್ ಎಷ್ಟು ಅಂತ ಅಲ್ಲ, "ಪೂರ್ತಿ ರೇಟಿಗೆ ರಿಜಿಸ್ಟರ್ ಮಾಡಿಸ್ತೀಯಾ?" ಅಂತ. "ಹಂಗ ಯಾರೂ ಮಾಡಲ್ಲಕ್ಕಾ" ಅಂದನೋ, ಆತ ನಿಮ್ಮ ಬ್ರೋಕರ್ ಅಲ್ಲ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಅಡ್ವಾನ್ಸ್ ನಗದಾಗಿ ತಗೊಂಡರೆ ತಗೊಂಡಷ್ಟೇ ದಂಡ ಹಾಕೋ ಅವಕಾಶ ಆದಾಯ ತೆರಿಗೆ ಕಾಯ್ದೆಯಲ್ಲಿದೆ. ಆ ದಂಡ ಬೀಳೋದು ತಗೊಂಡವರಿಗೆ, ಬ್ರೋಕರ್‌ಗಲ್ಲ.

ಇನ್ನು ಜಿಪಿಎ. ಜಂಟಿ ಹೆಸರಿನ ಆಸ್ತಿಗೆ ಇಬ್ಬರೂ ಸಬ್ ರಿಜಿಸ್ಟ್ರಾರ್ ಮುಂದೆ ಕೂತು ಫೋಟೊ, ಹೆಬ್ಬೆಟ್ಟು ಕೊಡಬೇಕು. ಜಿಪಿಎ ಕೊಟ್ಟರೆ ನಿಮ್ಮ ಜಾಗದಲ್ಲಿ ಆತ ಕೂರ್ತಾನೆ. ಅದರಲ್ಲೂ 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಆಸ್ತಿಯನ್ನ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಆಫೀಸಲ್ಲಾದರೂ ನೋಂದಣಿ ಮಾಡಬಹುದು. ಜನರ ಅನುಕೂಲಕ್ಕೇ ಮಾಡಿದ್ದು, ಬೈಯೋ ಹಾಗಿಲ್ಲ. ಆದರೆ ಕುಡತಿನಿ ಮನೆಯನ್ನ ಸಿರುಗುಪ್ಪದಲ್ಲಿ ಕೂತು ಬರೆದುಕೊಟ್ಟರೆ ಇಲ್ಲಿ ಪಕ್ಕದ ಮನೆಗೂ ಸುದ್ದಿ ಬರಲ್ಲ. ಮೊದಲೆಲ್ಲ ಆಫೀಸ್ ಮುಂದೆ ಯಾರಾದರೂ ನೋಡಿ ಹೇಳ್ತಿದ್ದರು. ಈಗ ಕಾವೇರಿ ವೆಬ್‌ಸೈಟಲ್ಲಿ ಇಸಿ ತೆಗೆಸಿ ನಾವೇ ನೋಡಿಕೊಳ್ಳಬೇಕು. ಕೇಸು ನಡೆಯೋ ತನಕ ಆಗಾಗ ತೆಗೆಸಿದರೆ ಒಳ್ಳೇದು.

ಇಲ್ಲಿವರೆಗೆ ಹೇಳಿದ್ದು ಇಬ್ಬರ ಹೆಸರಲ್ಲಿರೋ ಮನೆಗೆ. ನಮ್ಮ ಕಡೆ ಹೆಚ್ಚು ಆಸ್ತಿ ಗಂಡನ ಒಬ್ಬನ ಹೆಸರಲ್ಲೇ ಇರೋದು. ಮದುವೆ ಮುರಿದರೆ ಹೆಂಡತಿಗೆ ತಾನಾಗೇ ಅರ್ಧ ಬರುತ್ತೆ ಅಂತ ಬಹಳ ಜನ ನಂಬಿದ್ದಾರೆ. ನಮ್ಮ ದೇಶದ ಕಾನೂನಲ್ಲಿ ಹಾಗಿಲ್ಲ. ಜೀವನಾಂಶ ಕೇಳಬಹುದು, ಸ್ತ್ರೀಧನ ವಾಪಸ್ ಕೇಳಬಹುದು, ಮನೆಗೆ ತನ್ನ ಒಡವೆ ದುಡ್ಡು ಹಾಕಿದ್ದರೆ ರಸೀದಿ ಇಟ್ಟು ಹೋರಾಡಬಹುದು. ಕಿರುಕುಳದ ಪ್ರಕರಣ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೇ ಕಲಂ ಅಡಿ, ಸಂಸಾರ ಮಾಡಿದ ಮನೆಯನ್ನ ಮಾರದಂತೆ ಮ್ಯಾಜಿಸ್ಟ್ರೇಟ್ ತಡೆ ಕೊಡಬಹುದು. ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ರಜನೇಶ್-ನೇಹಾ ಪ್ರಕರಣದಲ್ಲಿ ಹೇಳಿದೆ. ಇದನ್ನೆಲ್ಲ ಬ್ರೋಕರ್ ಹೇಳಲ್ಲ, ಹೇಳೋದು ಆತನ ಕೆಲಸವೂ ಅಲ್ಲ. ವಕೀಲರ ಫೀಸಿಗೆ ಹೆದರೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. ಸಹಾಯವಾಣಿ 15100.

ಮಾರೋದೇ ಬೇಡ, ಮನೆ ಒಬ್ಬರಿಗೇ ಇರಲಿ ಅನ್ನೋರೂ ಇದ್ದಾರೆ. ಅವರಿಗೆ ಬ್ರೋಕರ್ ಬೇಕಾಗೇ ಇಲ್ಲ. ಗಂಡ-ಹೆಂಡತಿ ನಡುವಿನ ದಾನಪತ್ರಕ್ಕೆ ಶೇಕಡಾವಾರು ಮುದ್ರಾಂಕ ಇಲ್ಲ, ನಿಗದಿ ಮಾಡಿದ ಸಣ್ಣ ಮೊತ್ತ ಅಷ್ಟೇ. ಆದರೆ ಡಿಕ್ರಿ ಆದ ಮೇಲೆ ಅವರು ಗಂಡ-ಹೆಂಡತಿ ಅಲ್ಲ, ಆ ರಿಯಾಯಿತಿಯೂ ಸಿಗಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ವಕೀಲರ ಹತ್ತಿರ ಕೂತು ಬರೆಸಿಕೊಳ್ಳಬೇಕು.

ರೇರಾ ನಂಬರ್ ಇದೆ ಅಂತ ವಿಸಿಟಿಂಗ್ ಕಾರ್ಡ್ ತೋರಿಸೋರ ಬಗ್ಗೆ ಒಂದು ಮಾತು. ಆ ನೋಂದಣಿ ಏಜೆಂಟರಿಗೆ ಕಡ್ಡಾಯ ಆಗೋದು ರೇರಾದಲ್ಲಿ ನೋಂದಾಯಿಸಿದ ಲೇಔಟ್, ಅಪಾರ್ಟ್‌ಮೆಂಟ್ ಮಾರುವಾಗ. ನಿಮ್ಮ ಹಳೇ ಮನೆ ಮಾರಿಸೋನಿಗೆ ಯಾವ ಲೈಸೆನ್ಸೂ ಬೇಕಿಲ್ಲ. ಅಂದರೆ ಆತ ಕೈ ಕೊಟ್ಟರೆ ರೇರಾಕ್ಕೆ ಹೋಗಿ ಪ್ರಯೋಜನ ಇಲ್ಲ, ನಿಮ್ಮ ಕೈಲಿರೋ ಕಾಗದವೇ ಗತಿ. ಆದ್ದರಿಂದ ಒಂದು ಹಾಳೆಯಲ್ಲಾದರೂ ಬರೆಸಿ: ಕನಿಷ್ಠ ರೇಟು ಇಷ್ಟು, ಕಮಿಷನ್ ಇಷ್ಟು, ಅದು ಇಬ್ಬರ ಪಾಲಿನಿಂದ ಸಮ, ಮೂರು ತಿಂಗಳಲ್ಲಿ ಆಗದಿದ್ದರೆ ಬೇರೆಯವರಿಗೆ ಕೊಡ್ತೀವಿ. ಇಬ್ಬರದೂ ಸೈನ್, ಆತನದೂ ಸೈನ್. ಮಾತಾಡದ ಗಂಡ-ಹೆಂಡತಿ ಒಂದೇ ಬ್ರೋಕರ್‌ನ ಹೇಗೆ ಒಪ್ಪಬೇಕು ಅಂತ ಕೇಳಬಹುದು. ಎರಡು ಕಡೆಯ ಸಂಬಂಧಿಕರಲ್ಲದ, ಗಂಡನ ಗೆಳೆಯನೂ ಹೆಂಡತಿಯ ಅಣ್ಣನ ಪಾರ್ಟ್ನರೂ ಅಲ್ಲದ ಒಬ್ಬ ಕುಡತಿನಿಯಲ್ಲಿ ಸಿಗದಿದ್ದರೆ ಬಳ್ಳಾರಿಯಲ್ಲಿ ಸಿಗ್ತಾನೆ. ಮೂವರದೂ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಯಾರು ಎಷ್ಟಕ್ಕೆ ಕೇಳಿದರೂ ಅಲ್ಲೇ ಹಾಕಬೇಕು ಅಂತ ಹೇಳಿ. ದುಡ್ಡು ಕೊಳ್ಳೋನಿಂದ ನೇರ ಎರಡು ಖಾತೆಗೆ ಬರಬೇಕು, ಅದನ್ನ ಕ್ರಯಪತ್ರದಲ್ಲೇ ಬರೆಸಬೇಕು.

ಪಟ್ಟಣ ಪಂಚಾಯಿತಿಯ ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರೇಶನ್ ಮುಂದಕ್ಕೆ ಹೋಗಲ್ಲ, ಅದನ್ನ ಮೊದಲೇ ಮಾಡಿಸಿಟ್ಟುಕೊಳ್ಳಿ. "ಖಾತಾ ನಾ ಮಾಡಿಸ್ತೀನಿ, ಮೂಲ ಪತ್ರ ಕೊಡ್ರಿ" ಅಂದರೆ ಝೆರಾಕ್ಸ್ ಕೊಟ್ಟರೆ ಸಾಕು.

ಅಂಗಡಿ ಬಾಡಿಗೆಗೆ ಹಿಡಿದವರಿಗೂ ಇದರ ಬಿಸಿ ತಟ್ಟುತ್ತೆ. ಮಾಲೀಕರ ಜಗಳದಲ್ಲಿ ಬ್ರೋಕರ್ ಬಂದು "ಈ ತಿಂಗಳ ಬಾಡಿಗಿ ನನ್ನ ಕೈಯಾಗ ಕೊಡ್ರಿ" ಅಂದರೆ ಕೊಡಬೇಡಿ. ಕರಾರಿನಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ ಹಾಕಿ.

ಹೊಲ ಇದ್ದವರ ಕಥೆ ಇನ್ನೂ ತೊಡಕು. ಸರ್ವೆ ನಂಬರ್ ಕೆಐಎಡಿಬಿಯ ಅಂತಿಮ ಅಧಿಸೂಚನೆಯಲ್ಲಿ ಇದ್ದರೆ ಅದನ್ನ ಮಾರೋಕೆ ನಿಮಗೆ ಹಕ್ಕೇ ಉಳಿದಿರಲ್ಲ. "ಕೈ ಬಿಡ್ತಾರ, ಈಗ ಅಗ್ರಿಮೆಂಟ್ ಮಾಡೋಣ" ಅನ್ನೋ ಬ್ರೋಕರ್‌ನ ದೂರ ಇಡಿ. ನ್ಯಾಯವಾದ ಬೆಲೆ ಕೊಡಿ ಅಂತ ನಮ್ಮೂರ ರೈತರು 2022ರ ಡಿಸೆಂಬರ್‌ನಲ್ಲಿ ಧರಣಿ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ನಾಳೆ ಹೆಚ್ಚುವರಿ ಪರಿಹಾರ ಬಂದರೆ ಅದು ಯಾರಿಗೆ? ಇವತ್ತು ರಾಜಿಪತ್ರ ಬರೆಯೋ ಗಂಡ-ಹೆಂಡತಿ ಇದನ್ನ ಒಂದು ಸಾಲಲ್ಲಿ ಬರೆಸದಿದ್ದರೆ ಆ ದುಡ್ಡು ಬಂದ ದಿನ ಮತ್ತೆ ಕೋರ್ಟ್ ಮೆಟ್ಟಿಲು ಹತ್ತಬೇಕು.

ಆ ಹೊಲಿಗೆಯಾಕೆ ಜಿಪಿಎ ಕೊಡಲಿಲ್ಲ. ಗೆಳೆಯ ಬ್ರೋಕರ್ ಬಿಟ್ಟು ಹೋದ, ಮೊದಲು ಕೇಳಿದ್ದವರೂ ಹಿಂದೆ ಸರಿದರು. ಮನೆ ಇನ್ನೂ ಮಾರಾಟ ಆಗಿಲ್ಲ. ಈಗ ಬಳ್ಳಾರಿಯ ಒಬ್ಬರಿಗೆ ಇಬ್ಬರೂ ಬರೆದುಕೊಟ್ಟಿದ್ದಾರೆ, ಇಪ್ಪತ್ತೊಂದಕ್ಕೆ ಕೇಳಿದ್ದಾರಂತೆ, ಎಲ್ಲ ಬ್ಯಾಂಕಲ್ಲಿ.